ಯೂಲಾಲಿ ಅತ್ತೆಯ ಗೋರಿಗೆ ದಾರಿ

ಬಾಯು ತಿ-ರೋಜ್, ಲೂಯಿಸಿಯಾನ

ತೆಯೊಫಿಲ್,

ಸತ್ತವರ ಹಬ್ಬಕ್ಕೆ ಅಮ್ಮನ ಗೋರಿಗೆ ಸುಣ್ಣ ಬಳಿಯಲು ಬರುತ್ತೇನೆ, ದೋಣಿ ಕಳಿಸು ಎಂದು ಬರೆದಿದ್ದೀಯ.

ಜಿಲ್ಲೆಯ ಹೊಸ ನಕ್ಷೆ ಬರೆಯುವಾಗ ಅದರಿಂದ ನಮ್ಮ ಊರನ್ನು ಅಳಿಸಿ ಬಂದು, ನಿನ್ನ ಅಮ್ಮ ಯೂಲಾಲಿ ಅತ್ತೆಯ ಮನೆಯಲ್ಲೇ ಸೀಗಡಿ ಸಾರು ಉಣ್ಣುತ್ತಾ ನೀನು ಹೇಳಿದ್ದೆ: "ಇಲ್ಲೇನಿದೆ ಕಣೇ ಓಡಿಲ್, ಬರೀ ಜೌಗು. ನಾಲ್ಕು ಮನೆಗೆ ಯಾರು ಹೆಸರು ಬರೀತಾರೆ?" ಅತ್ತೆ ನಕ್ಕು ಇನ್ನೊಂದು ಸೌಟು ಬಡಿಸಿದ್ದರು.

ಅವರಿಗೆ ಎದೆನೋವು ಬಂದ ದಿನ ಡಾಕ್ಟರ ದೋಣಿ ಆ ನಕ್ಷೆ ಹಿಡಿದೇ ಹೊರಟಿತ್ತು. ಊರು ಸಿಗದೆ ಹಿಂದಿರುಗಿತು. ಇದನ್ನು ನಿನಗೆ ಯಾರೂ ಹೇಳಿರಲಿಲ್ಲ.

ನೀನು ಬಲ್ಲ ಹಳೆಯ ಕಾಲುವೆಗಳೆಲ್ಲ ಚಂಡಮಾರುತಕ್ಕೆ ಮುಚ್ಚಿಹೋಗಿವೆ. ಸುಣ್ಣ ನಾವೇ ಬಳಿದಿದ್ದೇವೆ. ದೋಣಿ ಕಳಿಸುವುದಿಲ್ಲ. ನಿನ್ನ ನಕ್ಷೆ ನೋಡಿಕೊಂಡು ಬಾ.

ನಿನ್ನ ಮಾವನ ಮಗಳು,
ಓಡಿಲ್