ಬಲೆಯ ತಳದ ಸೀಸ

ಪ್ರಿಯ ಸುಧೀರ್ ಅವರೇ,

‘ಪ್ರಿಯ’ ಎನ್ನಬಹುದೋ ಇಲ್ಲವೋ ಎಂದು ಯೋಚಿಸಿಯೇ ಬರೆದಿದ್ದೇನೆ. ಫೋನಿನಲ್ಲಾದರೆ ಹಾಳುಮೂಳು ಮಾತಾಡಿ ಹೇಳಬೇಕಾದದ್ದನ್ನೇ ಮರೆಯುತ್ತೇನೆ. ಅದಕ್ಕೇ ಈ ಕಾಗದ.

ಹೆಣ್ಣು ನೋಡಲು ನೀವು ಕೋಡಿಗೆ ಬಂದ ದಿನ ನಮ್ಮ ಮನೆಯ ಮರ್ಯಾದೆ ಸಮುದ್ರದ ಪಾಲಾಯಿತಲ್ಲ! ನಿಮ್ಮ ಕೈಗೆ ಕಾಫಿ ಕೊಟ್ಟಿದ್ದೆನಷ್ಟೇ, ದಡದಿಂದ ಕೂಗು ಬಂತು: “ಹ್ವಾಯ್, ಬಂಗ್ಡಿ ಬಂತ್! ಬನಿ, ಬನಿ!” ಅಪ್ಪ, ಕುಷ್ಟ ಮಾವ ಎಲ್ಲರೂ ನೆಂಟರನ್ನು ಚಾವಡಿಯಲ್ಲೇ ಬಿಟ್ಟು ಬಂಗುಡೆ ಮೀನಿನ ಬಲೆ ಎಳೆಯಲು ಓಡಿದರು. ನಿಮ್ಮ ಅಮ್ಮನ ಮುಖ ಹುಳ್ಳಗಾಯಿತು. ನೀವು ಮಾತ್ರ ಕಾಫಿ ಮುಗಿಸುತ್ತಾ, “ಮೀನ್ ಕಾಯ್ತಿಲ್ಲ ಅಮ್ಮ. ಹೆಣ್ಣ್ ಎಲ್ಲಿಗ್ ಹೋತ್ತ್?” ಎಂದಿರಂತೆ. ಹೆಣ್ಣು ಆಗಲೇ ರೇಷ್ಮೆ ಸೀರೆ ಎತ್ತಿಕಟ್ಟಿ ಓಡಿಯಾಗಿತ್ತು!

ಬಲೆ ಕಲ್ಲಿಗೆ ಸಿಕ್ಕಿದಾಗ ಎಲ್ಲರೂ ಕಿರುಚಿದರು, ಎಲ್ಲರಿಗಿಂತ ಜೋರಾಗಿ ನಾನು. ಎಳೆದರೆ ಬಲೆ ಹರಿಯುತ್ತದೆ, ಬಿಟ್ಟರೆ ಮೀನು ಹೋಗುತ್ತದೆ. ನೀವು ಹೊಸ ಅಂಗಿಯಲ್ಲೇ ಎದೆಮಟ್ಟ ನೀರಿಗಿಳಿದು ಮೆಲ್ಲನೆ ಬಿಡಿಸಿದಿರಿ. ಬೈಂದೂರಿನಲ್ಲಿ ನಿಮ್ಮದು ಐಸ್ ಪ್ಲ್ಯಾಂಟ್ ತಾನೆ, ಕುಷ್ಟ ಮಾವ ನಕ್ಕರು: “ಐಸಿನ ಗಂಡ್ ಮಾರಾಯ್ತಿ, ಬಿಸಿಯೇ ಆತಿಲ್ಲ!”

ಆ ಮಾತು ನನ್ನನ್ನು ಕಾಡಿತು. ನಾನೋ ಬಾಣಲೆಯ ಸಾಸಿವೆ. ಸಿಟ್ಟೇ ಬಾರದವರಿಗೆ ಪ್ರೀತಿಯಾದರೂ ಬರುತ್ತದೆಯೇ? ಇಷ್ಟು ದಿನ ಉತ್ತರ ಕೊಡದಿದ್ದುದು ಅದಕ್ಕೇ.

ನಿನ್ನೆ ತೆಕ್ಕಟ್ಟೆಯ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ‘ಅಪ್ಲಾಮ್’ ಎಂಬ ಪದ ಬಂತು. ಎಂಥ ಹೊತ್ತಿನಲ್ಲೂ ಗಲಿಬಿಲಿಗೊಳ್ಳದಿರುವುದು ಎಂದರ್ಥ. ನಿಘಂಟು ತೆರೆದರೆ, ಅದು ಫ್ರೆಂಚರ ಸೀಸದ ಗುಂಡಿನಿಂದ ಬಂದದ್ದಂತೆ. ಗೋಡೆ ನೆಟ್ಟಗಿದೆಯೋ ನೋಡಲು ಮೇಸ್ತ್ರಿ ದಾರಕ್ಕೆ ಕಟ್ಟಿ ಇಳಿಬಿಡುತ್ತಾನಲ್ಲ, ಅದೇ. ಆ ಪದಕ್ಕೂ ತಣ್ಣಗಿರುವುದಕ್ಕೂ ಸಂಬಂಧವೇ ಇಲ್ಲ. ತೂಕವಿರುವುದರಿಂದ ನೇರ ನಿಲ್ಲುವುದು. ತರಗತಿಯಲ್ಲೇ ನಕ್ಕುಬಿಟ್ಟೆ. ನಮ್ಮ ಬಲೆಯ ತಳಕ್ಕೂ ಸೀಸವನ್ನೇ ಪೋಣಿಸುತ್ತಾರೆ!

ಆಮೇಲೆ ನೆನಪಾಯಿತು. ನೀರಿನಿಂದ ಮೇಲೆ ಬಂದು, “ನಾ ನಿಮ್ಗ್ ಒಪ್ಪಿಗೆಯಾ?” ಎಂದು ಕೇಳುವಾಗ ನಿಮ್ಮ ದನಿ ನಡುಗುತ್ತಿತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ಅದು ಚಳಿಗಲ್ಲ. ನನಗೆಷ್ಟು ಖುಷಿಯಾಯಿತೆಂದು ಹೇಗೆ ಬರೆಯಲಿ!

ಆದರೆ ಸುಧೀರ್ ಅವರೇ, ಬರೀ ಸೀಸವಿದ್ದರೆ ಬಲೆ ತಳಕ್ಕೆ ಹೋಗಿ ಮಲಗಿಬಿಡುತ್ತದೆ. ಅದನ್ನು ಎತ್ತಿಹಿಡಿದು ನೀರಿನ ಮೇಲೆ ಕುಣಿಯುವ ಬೆಂಡೂ ಬೇಕು. ಆ ಕೆಲಸಕ್ಕೆ ನಾನು ಬರುತ್ತೇನೆ. ಅಪ್ಪನಿಗೂ ಹೇಳಿಯಾಯಿತು.

ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ, ಜೊತೆಗೆ ಸ್ವಲ್ಪ ಸಮಾಧಾನವನ್ನೂ. ಆನೆಗುಡ್ಡೆಯ ಗಣಪ ನಮ್ಮಿಬ್ಬರನ್ನೂ ಕಾಯಲಿ, ನಿಮ್ಮನ್ನು ತುಸು ಹೆಚ್ಚು. ನನ್ನನ್ನು ಕಟ್ಟಿಕೊಳ್ಳುವವರು ನೀವು ತಾನೆ.

ಇನ್ನು ನಿಮ್ಮವಳೇ,
ಶ್ರೀಲತಾ