ವಸಂತದೇವಿಯ ತಲೆ ಅನ್ಸೆಲ್ಮನ ಪಾಲಿಗೆ

ಡಿಜೋನ್,
ಭಾನುವಾರ, ೧೭ ಅಕ್ಟೋಬರ್ ೧೯೭೧

ಮುದ್ದಿನ ತಂಗಿ ಸೆವೆರಿನ್‌ಗೆ,

ನಿನ್ನ ಕಾಗದ ಬಂತು. "ಲಿಫ್ಟ್ ಹಾಕಿಸಲಿ ಬಿಡೇ ಅಕ್ಕ, ಮೆಟ್ಟಿಲಿನ ಹಳೇ ಕಬ್ಬಿಣದ ಕಟಕಟೆಗೆ ಯಾಕಿಷ್ಟು ರಂಪ" ಎಂದು ಬರೆದಿದ್ದೀಯ. ಮಾರ್ಸೇಯಲ್ಲಿ ಸಮುದ್ರದ ಗಾಳಿ ಕುಡಿಯುತ್ತ ಹಾಗೆ ಬರೆಯುವುದು ಸುಲಭ. ಅಪ್ಪನ ಮನೆಯ ಮೆಟ್ಟಿಲು ನಾಲ್ವರು ಮಕ್ಕಳಿಗೂ ಸೇರಿದ್ದು. ತಮ್ಮಂದಿರಿಬ್ಬರು ಹೂಂ ಎಂದಿದ್ದಾರೆ, ನಾನು ಊಹೂಂ. ನೀನೂ ಹೂಂ ಎಂದರೆ ಮುಂದಿನ ವಾರವೇ ಗರಗಸ ಬರುತ್ತದೆ.

ಅವರ ಕೈಗೆ ಮನೆ ಸಿಕ್ಕರೆ ಏನಾಗುತ್ತದೆ ಕೇಳು. ಮೊದಲ ಮಹಡಿಯ ದೊಡ್ಡ ಹಜಾರದ ಚಾವಣಿಯಲ್ಲಿ ಹೂಬುಟ್ಟಿ ಹಿಡಿದು ಮಲಗಿದ ಗಾರೆಯ ವಸಂತದೇವಿ ನೆನಪಿದ್ದಾಳಲ್ಲ? ಇನ್ನೂರು ವರ್ಷ ಹಾಯಾಗಿದ್ದಳು. ಈಗ ತಮ್ಮಂದಿರು ಹಜಾರವನ್ನು ಇಬ್ಭಾಗ ಮಾಡಿಕೊಂಡು ಪಾಲಿನ ಗೋಡೆ ಎಬ್ಬಿಸಿದ್ದಾರೆ, ಸರಿಯಾಗಿ ಅವಳ ಸೊಂಟದ ಮೇಲೆ. ಗೋಡೆಗೂ ಮೊದಲು ಜಗಳ ಬೇರೆ. "ತಲೆ ನಂಗೆ ಬೇಕು, ನಾನು ನಿನಗಿಂತ ದೊಡ್ಡವನು" ಅಂದ ಅನ್ಸೆಲ್ಮ್. "ತಗೊಳೋ ಮಾರಾಯ, ನಿನ್ನ ಹತ್ರ ಇಲ್ಲದ್ದು ಅದೊಂದೇ ತಾನೆ" ಅಂದ ಗಾಸ್ಪಾರ್. ಆಮೇಲೆ ಇಬ್ಬರೂ ವೈನ್ ಸುರಿದುಕೊಂಡು ಹೊಟ್ಟೆ ಹಿಡಿದು ನಕ್ಕರು.

ತಲೆಯ ಕಡೆ ಬಾಡಿಗೆಗೆ ಬಂದವನು ದಿನಾ ಮೀನು ಹುರಿಯುತ್ತಾನೆ. ಹೊಗೆ ಹಿಡಿದು ದೇವಿಯ ಮೂಗಿನ ತುದಿಯಿಂದ ಹಳದಿ ಜಿಡ್ಡು ಇಳಿಯುತ್ತಿದೆ, ಶೀತವಾದ ಮಗುವಿನ ಹಾಗೆ. ಕಾಲಿನ ಕಡೆ ಹಲ್ಲಿನ ಡಾಕ್ಟರು. ಅವಳ ಮಂಡಿಗೆ ಮೊಳೆ ಹೊಡೆದು ದೀಪ ನೇತುಹಾಕಿದ್ದಾರೆ. ಬಾಯಿ ಕಳೆದು ಕೂತ ರೋಗಿ ಕಣ್ಣೆತ್ತಿದರೆ ಅವಳ ತೊಡೆ. "ಅವರಿಗೆ ನೋವೇ ಗೊತ್ತಾಗಲ್ಲಕ್ಕ" ಎಂದು ಗಾಸ್ಪಾರ್ ಕಣ್ಣು ಮಿಟುಕಿಸಿದ. ನಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದವನು! ಅವತ್ತು ನನಗೆ ಊಟ ಸೇರಲಿಲ್ಲ, ಇವತ್ತಿಗೂ ಮೀನಿನ ವಾಸನೆ ಬಂದರೆ ಕಿಟಕಿ ತೆಗೆಯುತ್ತೇನೆ.

ಕೆಡದೆ ಉಳಿದದ್ದು ಮೆಟ್ಟಿಲೊಂದೇ. ಅದರ ನಡುವೆ ಲಿಫ್ಟಿನ ಪೆಟ್ಟಿಗೆ ಇಳಿಸಲು ಕಟಕಟೆಯ ಕಬ್ಬಿಣದ ದ್ರಾಕ್ಷಿಬಳ್ಳಿಯನ್ನೆಲ್ಲ ಕೊಯ್ಯಬೇಕಂತೆ. ಆ ಬಳ್ಳಿಯಲ್ಲಿ ಒಂದು ಎಲೆಯ ಹಾಗೆ ಇನ್ನೊಂದಿಲ್ಲ. ಚಿಕ್ಕಂದಿನಲ್ಲಿ ನೀನು ಕಟಕಟೆಯ ಮೇಲೆ ಜಾರಿ ಲಂಗ ಹರಿದುಕೊಂಡಾಗ ಅಪ್ಪ ಮೊದಲು ಎಲೆ ಮುರಿಯಿತೇನೋ ಎಂದು ನೋಡಿದ, ಆಮೇಲೆ ನಿನ್ನನ್ನು. ನೀನು ಅತ್ತದ್ದು ಅದಕ್ಕೇ.

ಬೇಡ ಎಂದು ಬರೆ ಸೆವೆರಿನ್. ಬೇರೇನೂ ಬರೆಯದಿದ್ದರೂ ಸರಿ.

ನಿನ್ನ ಬೈಗುಳಕ್ಕೂ ಕಾದಿರುವ ಅಕ್ಕ,
ಒನೊರಿನ್

ಮತ್ತೆ: ಲಿಫ್ಟು ಅಕ್ಕನಿಗೋಸ್ಕರ ಎಂದು ಅವರು ನಿನಗೆ ಹೇಳಿರಬಹುದು. ಅದು ಸುಳ್ಳಲ್ಲ. ಈಸ್ಟರ್ ಹಬ್ಬದಿಂದೀಚೆಗೆ ನನ್ನ ಕಾಲು ಮಡಿಸಲು ಬರುತ್ತಿಲ್ಲ, ಕೆಳಗಿನ ಕೋಣೆಯಲ್ಲೇ ಮಲಗುತ್ತೇನೆ. ಆ ಚಾವಣಿ ನೋಡಬೇಕೆಂದು ಹಟ ಹಿಡಿದಾಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದವರೂ ಆ ಇಬ್ಬರೇ. ನೋಡಿದ ಮೇಲೆ ಇಬ್ಬರಿಗೂ ಛೀಮಾರಿ ಹಾಕಿದೆ. ಮತ್ತೆ ಕುರ್ಚಿ ಹೊತ್ತು ಕೆಳಗಿಳಿಸಿದರು. ಇಳಿಯುವಾಗ ಉದ್ದಕ್ಕೂ ಕೈಚಾಚಿ ಎಲೆಗಳನ್ನು ಸವರುತ್ತ ಬಂದೆ. ಇನ್ನು ಅವುಗಳನ್ನು ಮುಟ್ಟುತ್ತೇನೋ ಇಲ್ಲವೋ. ಆದರೂ ಬೇಡ ಎಂದೇ ಬರೆ.