ಅಕ್ಕ ಕರೆಯುತ್ತಿದ್ದ ರೀತಿ

ಶನಿವಾರ, ಹದಿನಾಲ್ಕನೇ ತಾರೀಖು. ರಾತ್ರಿ ಹತ್ತೂವರೆ. ಸಂಜೆಯವರೆಗೆ ಅಂಗಿಗಳಿಗೆ ಗುಂಡಿ ಕಾಜ ಹಾಕಿದೆ. ಆಮೇಲೆ ಹೋಗಬಾರದ ಕಡೆ ಹೋದೆ.

ಅಕ್ಕ ಕೊಲೆಯಾದ ಹಳೆಯ ಹೊಲಿಗೆ ಕಾರ್ಖಾನೆಯಲ್ಲಿ ಈಗ ಜನ ಟಿಕೆಟ್ ಕೊಂಡು ದೆವ್ವ ನೋಡಲು ಬರುತ್ತಾರೆ. ಇಷ್ಟು ವರ್ಷಗಳಲ್ಲಿ ಬಾಯಿಂದ ಬಾಯಿಗೆ ಇಲಿ ಹುಲಿಯಾಗಿದೆ. "ಪ್ರಿಯಕರನ ಹೆಸರು ಕೂಗ್ತಾ ಸತ್ತಳು. ಈಗಲೂ ಕೂಗ್ತಾಳೆ, ಕಿವಿಗೊಟ್ಟು ಕೇಳಿ" ಅಂದ, ನಮ್ಮ ತಂಡಕ್ಕೆ ಕಥೆ ಹೇಳುವ ಹುಡುಗ.

ಎಲ್ಲರೂ ಹೊರಟ ಮೇಲೆ ಅವನನ್ನು ನಿಲ್ಲಿಸಿದೆ. "ಅವಳು ನನ್ನ ಒಡಹುಟ್ಟಿದ ಅಕ್ಕ ಕಣಪ್ಪಾ. ಪ್ರಿಯಕರ ಯಾರೂ ಇರ್ಲಿಲ್ಲ. ಕೊಂದೋನು ಇಲ್ಲಿನ ಮೇಸ್ತ್ರಿ, ಕೋರ್ಟಲ್ಲೇ ಒಪ್ಕೊಂಡ. ಅವಳು ಹುಟ್ಟು ಮೂಗಿ, ಎಲ್ಲಿಂದ ಕೂಗ್ತಾಳೆ? ನನ್ನ ಕರೀಬೇಕಾದ್ರೆ ಕತ್ತರೀಲಿ ಮೇಜು ತಟ್ಟೋಳು, ಎರಡು ಸಲ."

ಅವನು ಟೋಪಿ ತೆಗೆದ. "ತಪ್ಪಾಯ್ತಮ್ಮಾ. ಇನ್ಮೇಲೆ ಅವರನ್ನ ಕೂಗ್ಸಲ್ಲ."

ಆಡಿದ ಮಾತಿಗೆ ತಪ್ಪಲಿಲ್ಲ. ನಾನು ಗೇಟು ದಾಟುವಷ್ಟರಲ್ಲಿ ಎರಡನೇ ತಂಡ ಒಳಗೆ ಹೋಗಿತ್ತು. "ಇದು ಮೂಗಿ ದೆವ್ವ. ಕರೆಯೋದು ಹೀಗೆ" ಅಂತ ಅವನು ಅನ್ನುವುದು ಕಿಟಕಿಯಿಂದ ಕೇಳಿಸಿತು. ಆಮೇಲೆ ಟಕ್, ಟಕ್. ಒಳಗಿದ್ದವರೆಲ್ಲ ಕಿರುಚಿ, ನಕ್ಕರು. ನನ್ನ ಕಾಲು ತಾನಾಗಿ ಹಿಂದಕ್ಕೆ ತಿರುಗಿತ್ತು. "ಬಂದೆ ಅಕ್ಕಾ" ಅಂತ ಬಾಯಿಗೂ ಬಂದುಬಿಟ್ಟಿತ್ತು.

ಸುಳ್ಳಾಗಿದ್ದರೆ ಸುಳ್ಳು ಎಂದು ಜಗಳವಾಡಬಹುದಿತ್ತು. ಈಗ ಅವನು ಹೇಳುತ್ತಿರುವುದು ನಿಜ, ನಾನೇ ಕೊಟ್ಟ ನಿಜ. ಏನೆಂದು ನಿಲ್ಲಿಸಲಿ? ಅವಳದು ಅಂತ ನನ್ನ ಹತ್ತಿರ ಉಳಿದಿದ್ದೇ ಆ ಸದ್ದು, ಅದನ್ನೂ...

ಕಣ್ಣು ಎಳೆಯುತ್ತಿದೆ. ನಾಳೆ ಭಾನುವಾರ, ಮೂರು ತಂಡ ಬರುತ್ತವಂತೆ.